ಹದ್ದಿನ ಕಾಕಾ

ಹುಸೇನಸಾಬ ಕಾಕಾ ಯಾರ ಮನೆಗೆ ಬಂದರೂ ಮೊದಲು ದನ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಅಂಗಳದಲ್ಲಿ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು ಒಂದು ಸುತ್ತು ತಿರುಗುವರು. "ಇಲ್ಲ ಬಿಡು" ಎಂದು ತಮಗೆ ತಾವೇ ಹೇಳಿಕೊಂಡು ಆಮೇಲೆ ಕೊಟ್ಟಿಗೆಗೆ ಬಗ್ಗುವರು. ಮೊರಬ ಊರಿನ ನಾವೆಲ್ಲ ಅವರಿಗೆ ಹದ್ದಿನ ಕಾಕಾ ಎಂದೇ ಹೆಸರಿಟ್ಟಿದ್ದೆವು. ಎದುರಿಗೆ ಕರೆದರೂ ಅವರಿಗೆ ಸಿಟ್ಟು ಬರುತ್ತಿರಲಿಲ್ಲ.

ಅವರು ದನದ ದವಾಖಾನೆಯಲ್ಲಿ ಮೂವತ್ತು ವರ್ಷ ಕಂಪೌಂಡರ್ ಆಗಿದ್ದವರು. ನಿವೃತ್ತರಾದ ಮೇಲೂ ಊರಿನವರು ಡಾಕ್ಟರನ್ನು ಬಿಟ್ಟು ಇವರನ್ನೇ ಕರೆಯುತ್ತಿದ್ದರು. ದನಗಳ ಜೊತೆ ಅವರದು ಉರ್ದು, ನಮ್ಮ ಜೊತೆ ಕನ್ನಡ. ಎತ್ತಿಗೆ ಸೂಜಿ ಚುಚ್ಚುವಾಗ "ಬಸ್ ಬೇಟಾ, ಹೋ ಗಯಾ" ಎಂದು ಬೆನ್ನು ಸವರುವ ಮನುಷ್ಯ, ಹಗ್ಗ ಸಡಿಲ ಹಿಡಿದ ನನಗೆ "ಉಂಡ ಬಂದೀಯೋ ಇಲ್ಲೋಲೇ?" ಎಂದು ಗದರುತ್ತಿದ್ದರು. ನಾನು ಎತ್ತಾಗಿ ಹುಟ್ಟಬೇಕಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಆಕಾಶದಲ್ಲಿ ಏನು ಹುಡುಕುತ್ತೀರಿ ಎಂದು ಒಮ್ಮೆ ಕೇಳಿದೆ. ಚಹಾದ ಕಪ್ಪು ಕೆಳಗಿಟ್ಟರು.

"ಮೊದಲ ದನಾ ಸತ್ತರ ಹಳ್ಳದ ದಂಡಿಗೆ ಒಗದ ಬರ್ತಿದ್ವಿ. ಹೊತ್ತ ಮುಣಗೂದ್ರಾಗ ರಣಹದ್ದು ಬಂದು ಎಲುವಷ್ಟ ಬಿಡ್ತಿದ್ವು. ನಾ ಏನ ಮಾಡೀನಿ, ಕುಂಟೂ ಎತ್ತಿಗೆಲ್ಲಾ ನೋವಿನ ಸೂಜಿ ಮಾಡೀನಿ. ಆ ಔಷಧ ಇದ್ದ ಹೆಣಾ ತಿಂದು ಹದ್ದೆಲ್ಲಾ ಸತ್ವು. ಈಗ ಹೆಣಕ್ಕ ನಾಯಿ ಬರ್ತಾವು. ಹದ್ದು ಯಾರನ್ನೂ ಕಡೀತಿದ್ದಿಲ್ಲೋ ತಮ್ಮಾ."

ಆ ಔಷಧವನ್ನು ಸರಕಾರ ನಿಲ್ಲಿಸಿದ ಮೇಲೆ, ಒಂದು ತರಬೇತಿಯಲ್ಲಿ ಅವರಿಗೆ ಇದು ಗೊತ್ತಾಗಿತ್ತಂತೆ. ದೇಶದ ತುಂಬ ಎಲ್ಲರೂ ಅದನ್ನೇ ಚುಚ್ಚಿದ್ದರಲ್ಲ, ನಿಮ್ಮದೊಬ್ಬರದೇ ತಪ್ಪೇ ಎಂದೆ.

"ದೇಶದ್ದ ನನಗ ಗೊತ್ತಿಲ್ಲ. ನಮ್ಮ ಹಳ್ಳದ ಹದ್ದು ನನ್ನ ಸೂಜಿಗೆ ಸತ್ತಾವು."

ಆ ತರಬೇತಿಯಿಂದ ಈಚೆಗೆ ಅವರದು ಎರಡೇ ಪಾಠ. ಸತ್ತ ದನವನ್ನು ಆಳುದ್ದ ತಗ್ಗು ತೆಗೆದು ಹುಗಿಯಬೇಕು. ನಾಯಿ ಹಲ್ಲು ತಾಕಿದರೆ ಸಾಬಾಣ ಹಚ್ಚಿ ತೊಳೆದು, ಅದೇ ದಿನ ದವಾಖಾನೆಗೆ ಹೋಗಬೇಕು. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಇದನ್ನೇ ಹೇಳಿ ಜನರ ತಲೆ ತಿನ್ನುತ್ತಿದ್ದರು. ಯಾರದಾದರೂ ದನ ಸತ್ತಿದೆ ಎಂದರೆ ಸಲಿಕೆ ಹಿಡಿದು ತಾವೇ ಹೊರಡುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಮುದಿ ಎತ್ತು ಸತ್ತಿತು. ಆಗ ಕಾಕಾ ಕಣ್ಣಿನ ಆಪರೇಷನ್‌ಗೆಂದು ಹುಬ್ಬಳ್ಳಿಯ ಮಗಳ ಮನೆಯಲ್ಲಿದ್ದರು. ಫೋನಿನಲ್ಲೇ "ಹುಗೀಪಾ, ಒಗೀಬ್ಯಾಡ" ಎಂದರು. ಎರೆಭೂಮಿ ಬಿಸಿಲಿಗೆ ಕಲ್ಲಾಗಿತ್ತು. ಜೆಸಿಬಿಯವನು ಎರಡು ದಿನ ಬಿಟ್ಟು ಬರುತ್ತೇನೆ ಎಂದ. ಅಷ್ಟರಲ್ಲಿ ನಾತ ಶುರುವಾಗಿತ್ತು. ನಾನು ಎತ್ತನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋಗಿ ಹಳ್ಳದ ದಂಡೆಯಲ್ಲಿ ಬಿಟ್ಟು ಬಂದೆ. ಸಂಜೆ ಕಾಕಾ ಮತ್ತೆ ಫೋನ್ ಮಾಡಿ ಕೇಳಿದಾಗ "ಹುಗದೀನ್ರಿ" ಎಂದೆ.

ನಾಯಿಗಳು ಅಲ್ಲೇ ಬೀಡುಬಿಟ್ಟವು. ನಮ್ಮ ಹೊಲದ ದಾರಿ ಅದೇ. ಕೆಲವು ದಿನಗಳ ಮೇಲೆ ಅವ್ವ ಕುಂಟುತ್ತ ಬಂದಳು. ಏನಾಯಿತು ಎಂದರೆ "ಮುಳ್ಳ ನಟ್ಟೈತಿ" ಎಂದಳು. ನಾನು ಕಾಲು ಎತ್ತಿ ನೋಡಲಿಲ್ಲ.

ಮಳೆ ಬಿದ್ದು ಹೆಸರು ಬಿತ್ತುವ ಹೊತ್ತಿಗೆ ಅವಳಿಗೆ ನೀರು ಗಂಟಲಲ್ಲಿ ಇಳಿಯದಾಯಿತು. ಊರಿಗೆ ಮರಳಿದ್ದ ಕಾಕಾ ನೋಡಲು ಬಂದು, ತಾವೇ ಚಹಾದ ಬಟ್ಟಲನ್ನು ಅವಳ ಬಾಯಿಯ ಹತ್ತಿರ ಒಯ್ದರು. ಅವಳು ಬೆಚ್ಚಿ ಮುಖ ತಿರುಗಿಸಿದಳು. ಕಾಕಾ ಅವಳ ಹಿಮ್ಮಡಿ ನೋಡಿ, "ಯವ್ವಾ, ನಾಯಿ ಏನರೆ ಕಡದಿತ್ತೇನ?" ಎಂದು ಕೇಳಿದರು.

"ಹಲ್ಲ ತಾಗಿತ್ತಷ್ಟರಿ. ಸುಣ್ಣಾ ಹಚ್ಚಿದ್ದೆ."

ಹುಬ್ಬಳ್ಳಿಗೆ ಒಯ್ದೆವು. ಡಾಕ್ಟರು ಇದು ನಾಯಿ ಹುಚ್ಚು, ಇನ್ನು ಮಾಡುವುದೇನೂ ಇಲ್ಲ ಎಂದರು. ನಾಲ್ಕನೆಯ ದಿನ ಹೋದಳು. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ದನಗಳಿಗೆ ಕಣಕಿ ಹಾಕಿದೆ. ಎರಡೂ ಒಂದೇ ಕೆಲಸದ ಹಾಗಿತ್ತು.

ಅವ್ವ ಹೋದ ಮೂರನೆಯ ದಿನ ಕಾಕಾ ಬಂದು ನನ್ನೆದುರು ನೆಲದ ಮೇಲೆ ಕೂತರು.

"ನಿಮ್ಮವ್ವನ್ನ ನಾ ಕೊಂದೆ ತಮ್ಮಾ. ಹದ್ದು ಇದ್ದಿದ್ರ ಹಳ್ಳದ ದಂಡಿಗೆ ನಾಯಿ ಯಾಕ ಸೇರ್ತಿದ್ವು?"

ನಿಜ ಹೇಳಬೇಕಿತ್ತು. ಬಾಯಿ ತೆರೆದದ್ದೂ ನೆನಪಿದೆ. "ಚಹಾ ಕುಡೀರಿ ಕಾಕಾ" ಎಂದೆ. ಅವರು ಕುಡಿಯಲಿಲ್ಲ.

ಆಮೇಲೆ ಅವರು ಯಾರ ದನಕ್ಕೂ ಸೂಜಿ ಮುಟ್ಟಲಿಲ್ಲ. ಈ ಚಳಿಗಾಲದಲ್ಲಿ ಹಾಸಿಗೆ ಹಿಡಿದರು. ನಾನು ಕೊನೆಯ ಸಲ ನೋಡಲು ಹೋದದ್ದು ಅವರು ತೀರಿಕೊಳ್ಳುವ ಹಿಂದಿನ ದಿನ. ಮಾತು ನಿಂತಿದೆ ಎಂದು ಮನೆಯವರು ಹೇಳಿದ್ದರು. ಆದರೆ ನನ್ನನ್ನು ಗುರುತು ಹಿಡಿದು ಕೈ ಹಿಡಿದುಕೊಂಡರು.

"ಇಷ್ಟ ವರ್ಷ ಒದರಿದೆ," ಎಂದರು. "ಊರಾಗ ಯಾರೂ ಕೇಳಲಿಲ್ಲ. ಎತ್ತು ಹುಗದಾಂವ ನೀ ಒಬ್ಬನ. ಹೌದಲ್ಲೋ?"

"ಹೌದ್ರಿ ಕಾಕಾ" ಎಂದೆ.