ತುಪ್ಪದಣ್ಣನ ಬಲಗೈ

ಪರದೇಶದ ಆ ಇಂಡಿಯನ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಎಲ್ಲರೂ ಅವನನ್ನು ತುಪ್ಪದಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಬೇಳೆಯಾಗಲಿ, ಪಲ್ಯವಾಗಲಿ, ಒಲೆಯಿಂದ ಇಳಿಯುವ ಮುನ್ನ ಅದರ ನೆತ್ತಿಗೆ ಒಂದು ಚಮಚ ತುಪ್ಪ ಬೀಳಲೇಬೇಕು. ಬೀಳದಿದ್ದರೆ ಅದು ಅಡುಗೆಯಲ್ಲ, ಪಥ್ಯ ಅಂತ ಅವನ ತೀರ್ಮಾನ. ತುಪ್ಪ ಹಾಕುತ್ತಿದ್ದದ್ದು ಅವನು ಅನ್ನುವುದೂ ಅಷ್ಟು ಸರಿಯಲ್ಲ. ಅವನ ಬಲಗೈ ಹಾಕುತ್ತಿತ್ತು. ಬಾಯಿ ಯಾರನ್ನೋ ಬೈಯುತ್ತಿರುವಾಗ, ಕಣ್ಣು ಇನ್ನೊಂದು ಬಾಣಲೆಯ ಮೇಲಿರುವಾಗ, ಕೈ ತನ್ನಷ್ಟಕ್ಕೆ ತಾನು ಪಕ್ಕದ ಡಬ್ಬಿಗೆ ಹೋಗಿ ಬರುತ್ತಿತ್ತು.

ಇಂಥವನ ಹೊಟ್ಟೆಯಲ್ಲಿ ವೀಗನ್ ಮಗಳು ಹುಟ್ಟಬೇಕೆ! ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳು ಮೊದಲು ಮೊಟ್ಟೆ ಬಿಟ್ಟಳು, ಆಮೇಲೆ ಹಾಲು, ಮೊಸರು, ಬೆಣ್ಣೆ. ತುಪ್ಪವನ್ನೂ ಬಿಟ್ಟಾಗ ಅಪ್ಪನ ಎದೆ ಧಸಕ್ಕೆಂದಿತು. ಹುಡುಗುಬುದ್ಧಿ, ನಾಲ್ಕು ದಿನದಲ್ಲಿ ಇಳಿಯುತ್ತೆ ಅಂದುಕೊಂಡು ಒಂದು ಭಾನುವಾರ ಬೇಳೆಗೆ ಸದ್ದಿಲ್ಲದೆ ತುಪ್ಪ ಬಿಟ್ಟು, "ಬರೀ ಎಣ್ಣೆ ಕಣಮ್ಮ, ತಿನ್ನು" ಅಂದ. ಮೊದಲ ತುತ್ತಿಗೇ ಅವಳಿಗೆ ಗೊತ್ತಾಯಿತು. ತುಪ್ಪದಣ್ಣನ ಮಗಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಅವಳು ಕೂಗಾಡಲಿಲ್ಲ, ಎದ್ದು ಕೈ ತೊಳೆದಳು. ಅಂದಿನಿಂದ ಅಪ್ಪನ ಮನೆಗೆ ಬರುವಾಗಲೂ ತನ್ನ ಊಟದ ಡಬ್ಬಿ ತಾನೇ ತರುತ್ತಿದ್ದಳು. ಊರಿಗೆಲ್ಲ ಅಡುಗೆ ಮಾಡಿ ಹಾಕುವವನು ತನ್ನ ಮಗಳು ಎದುರಿಗೇ ಕೂತು ಡಬ್ಬಿ ಬಿಚ್ಚುವುದನ್ನು ನೋಡಿ ನೋಡಿ ಸೊರಗಿಹೋಗಿದ್ದ.

ಹೀಗಿರುವಾಗ ಒಂದು ದಿನ ಅವಳೇ ಫೋನ್ ಮಾಡಿದಳು. "ಅಪ್ಪಾ, ನಮ್ಮ ಡಾಕ್ಟರಮ್ಮನೂ ವೀಗನ್. ಇಂಡಿಯನ್ ಊಟ ಮಾಡ್ಬೇಕಂತೆ. ನಾಳೆ ಮಧ್ಯಾಹ್ನ ನಿಮ್ಮಲ್ಲಿಗೇ ಕರ್ಕೊಂಡು ಬರ್ತೀನಿ." ಫೋನ್ ಇಡುವ ಮುನ್ನ, "ಇನ್ನೊಂದು ಸಲ ನಿನ್ನ ನಂಬಿ ನೋಡ್ತೀನಿ" ಅಂದಳು.

ಮರುದಿನ ಕೆಲಸಕ್ಕೆ ಬಂದವನೇ ತುಪ್ಪದಣ್ಣ ತುಪ್ಪದ ಡಬ್ಬಿಯನ್ನು ಮೇಲಿನ ಕಪಾಟಿಗೆ ಗಡೀಪಾರು ಮಾಡಿ, ಅದರ ಜಾಗದಲ್ಲಿ ಎಣ್ಣೆ ಡಬ್ಬಿ ಇಟ್ಟ. ಆ ಕೈಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಯಾಮಾರಿಸಬೇಕು ಅಷ್ಟೆ. ಬಟಾಣಿ ಗ್ರೇವಿಗೆ ಕೆನೆಯ ಬದಲು ಗೋಡಂಬಿ ರುಬ್ಬಿಸಿದ. ರೊಟ್ಟಿ ಹಿಟ್ಟಿಗೆ ಮೊಸರು ಬೇಡ ಅಂದ.

"ಏನಣ್ಣಾ, ಬೀಗರು ಬರ್ತಿದಾರಾ?" ಎಂದು ರೊಟ್ಟಿ ಬೇಯಿಸುವ ಅಕ್ಕ ನಕ್ಕಳು.

"ಬೀಗರಾದ್ರೆ ಹೇಗೋ ಸುಧಾರಿಸ್ಬಹುದಿತ್ತು. ಮಗಳು ಬರ್ತಿದಾಳೆ."

ಮೊಸರಿನ ವಿಷಯ ಹೇಳಿದವನು ಡಬ್ಬಿಯ ವಿಷಯ ಹೇಳುವುದನ್ನು ಮರೆತ. ಯಾವ ಡಬ್ಬಿ ಎತ್ತಿದರೂ ಅದರ ಜಾಗಕ್ಕೇ ವಾಪಸ್ ಇಡಬೇಕು ಅಂತ ಇಷ್ಟು ವರ್ಷ ಎಲ್ಲರ ಕಿವಿ ಹಿಂಡಿದವನು ಅವನೇ. ಮಧ್ಯಾಹ್ನದ ಗಡಿಬಿಡಿಯಲ್ಲಿ ಮೇಲಿನ ಕಪಾಟಿನಲ್ಲಿ ತುಪ್ಪ ಕಂಡ ಅಕ್ಕ, ಅಯ್ಯೋ, ಅಣ್ಣ ನೋಡಿದರೆ ಬೈತಾನೆ ಅಂತ ಹೆದರಿ ಅದನ್ನು ಮಾಮೂಲಿ ಜಾಗಕ್ಕೆ ತಂದಿಟ್ಟಳು. ಎಣ್ಣೆ ತನ್ನ ಮೂಲೆಗೆ ಹೋಯಿತು.

ಮಗಳು, ಡಾಕ್ಟರಮ್ಮ ಬಂದು ಕೂತರು. ತುಪ್ಪದಣ್ಣ ಬೇಳೆಗೆ ಒಗ್ಗರಣೆ ಕೊಟ್ಟು, ಒಲೆಯ ಮುಂದೆ ನಿಂತೇ ಬಾಗಿಲ ಸಂದಿಯಿಂದ ಮಗಳನ್ನು ಕಣ್ತುಂಬ ನೋಡಿದ. ಅಷ್ಟರಲ್ಲಿ ಕೈ ಪಕ್ಕಕ್ಕೆ ಹೋಗಿ ಬಂದಿತ್ತು. ಬೇಳೆಯ ಬಟ್ಟಲು ಹೊರಗೆ ಹೋಯಿತು. ಚಮಚ ಕೆಳಗಿಡುವಾಗ ಮೂಗಿಗೆ ಘಮ್ಮೆಂದು ಬಡಿಯಿತು.

ಅಯ್ಯೋ, ತುಪ್ಪ! ಒಂದೇ ಚಮಚ ತಾನೆ, ಮಸಾಲೆಯ ವಾಸನೆಯಲ್ಲಿ ಮುಚ್ಚಿಹೋದರೂ ಹೋದೀತು ಎಂದು ಮನಸ್ಸು ಒಮ್ಮೆ ಪಿಸುಗುಟ್ಟಿತು. ಹೇಳಿದರೆ ಡಾಕ್ಟರಮ್ಮನ ಎದುರು ಮಗಳಿಗೂ ಅವಮಾನ. ಆದರೆ ಕಾಲುಗಳು ಆಗಲೇ ಓಡುತ್ತಿದ್ದವು. ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಮಗಳು ಅನ್ನ ಕಲಸಿ ತುತ್ತು ಎತ್ತಿದ್ದಳು.

"ತಿನ್ಬೇಡ! ತುಪ್ಪ ಬಿದ್ದಿದೆ. ನಾನೇ ಹಾಕ್ಬಿಟ್ಟೆ. ಬೇಕಂತ ಅಲ್ಲ ಕಣಮ್ಮ, ಈ ಹಾಳು ಕೈ... ಡಾಕ್ಟ್ರೇ, ನೀವೂ ತಿನ್ಬೇಡಿ." ಅವನಿಗೆ ಅಳುವೇ ಬಂದುಬಿಟ್ಟಿತು.

ಮಗಳು ತುತ್ತನ್ನು ತಟ್ಟೆಗೆ ಇಳಿಸಿ ಅಪ್ಪನನ್ನೇ ನೋಡಿದಳು. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ನಾನು ಹಾಲು ಬಿಟ್ಟ ಮೇಲೂ ಎಷ್ಟೋ ದಿನ ನಿದ್ದೆಗಣ್ಣಲ್ಲಿ ಕಾಫಿಗೆ ಹಾಲೇ ಹಾಕ್ಕೊಳ್ತಿದ್ದೆ ಕಣ್ರಿ. ಇನ್ನೊಂದು ಸಲ ಮಾಡಿ, ಕಾಯ್ತೀವಿ" ಅಂದರು.

ತುಪ್ಪದಣ್ಣ ಮತ್ತೆ ಒಲೆ ಹಚ್ಚಿದ. ರೊಟ್ಟಿ ಅಕ್ಕ ತುಪ್ಪದ ಡಬ್ಬಿಯನ್ನು ಕೂಸಿನ ಹಾಗೆ ಅವಚಿಕೊಂಡು, ಅವನ ಕೈಗೆಟುಕದಷ್ಟು ದೂರ ಹೋಗಿ ನಿಂತಳು. ಈ ಸಲ ಬಟ್ಟಲನ್ನು ಅವನೇ ಹೊತ್ತು ತಂದು ಬಡಿಸಿದ.

ಡಾಕ್ಟರಮ್ಮ ಚಮಚ ಅದ್ದುವ ಮುನ್ನ ಸ್ವಲ್ಪ ಅನುಮಾನಿಸಿದರು. "ತಪ್ಪು ತಿಳ್ಕೋಬೇಡಿ, ಇದರಲ್ಲಿ ತುಪ್ಪ ಇಲ್ಲ ತಾನೆ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮಗಳು ದೊಡ್ಡ ತುತ್ತೊಂದನ್ನು ಬಾಯಿಗಿಟ್ಟಾಗಿತ್ತು. ಅದನ್ನು ನುಂಗುವ ಮೊದಲೇ ಅಂದಳು:

"ಇದ್ದಿದ್ರೆ ಅಪ್ಪಾನೇ ಹೇಳಿರೋರು."