ಈಶಾನ್ಯ ಮೂಲೆಯ ರೂಪಾಯಿ

ವಾರವಿಡೀ ಭೀಮಸೇನ ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುತ್ತಿದ್ದ. ಮಕ್ಕಳು ನುಂಗಿದ ನಾಣ್ಯ ಹೊಟ್ಟೆಯೊಳಗೆ ಪುಟ್ಟ ಚಂದ್ರನ ಹಾಗೆ ಬೆಳ್ಳಗೆ ಕಾಣುವುದನ್ನು ಎಷ್ಟೋ ಸಲ ನೋಡಿದ್ದ. ಶನಿವಾರ ಬಂತೆಂದರೆ ಹೆಡ್‌ಫೋನ್ ಹಾಕಿಕೊಂಡು, ಮೆಟಲ್ ಡಿಟೆಕ್ಟರ್ ಹಿಡಿದು, ಭೂಮಿಯ ಹೊಟ್ಟೆಯಲ್ಲೂ ಅದನ್ನೇ ಹುಡುಕಲು ಹೊರಡುತ್ತಿದ್ದ. ಮಕ್ಕಳ ಹೊಟ್ಟೆಯಲ್ಲಿ ಸಿಕ್ಕಷ್ಟು ನಾಣ್ಯ ಭೂಮಿಯಲ್ಲಿ ಅವನಿಗೆ ಸಿಕ್ಕಿರಲಿಲ್ಲ.

ಆರು ವರ್ಷದಲ್ಲಿ ಸಿಕ್ಕಿದ್ದು ಒಂದು ಬಕೆಟ್ ತುಂಬ ಬಿಯರ್ ಡಬ್ಬಿಯ ಉಂಗುರ, ಅರ್ಧ ಕುದುರೆ ಲಾಳ, ಯಾರದೋ ಹಲ್ಲಿನ ಸೆಟ್ಟಿನ ತಂತಿ. ಬಡಾವಣೆಯ ಇತಿಹಾಸ ಸಂಘದಲ್ಲಿ ತಿಂಗಳಿಗೊಮ್ಮೆ, ಚಹಾ ಆದ ಮೇಲೆ, ಅವನಿಗೆ ಐದು ನಿಮಿಷ ಕೊಡುತ್ತಿದ್ದರು. ಬೆಳ್ಳಿಗೂದಲ ಕಾರ್ಯದರ್ಶಿ ಉಂಗುರವೊಂದನ್ನು ಅಂಗೈಯಲ್ಲಿಟ್ಟು ನೋಡಿ, "ಲವ್ಲಿ" ಎಂದು ಪಕ್ಕದವರಿಗೆ ದಾಟಿಸುತ್ತಿದ್ದಳು. ಆ ದಯೆಯೇ ಅವನಿಗೆ ಚುಚ್ಚುತ್ತಿತ್ತು. ಒಂದೇ ಒಂದು ಸಲ ಮುಖ್ಯ ಭಾಷಣಕಾರನಾಗಿ ನಿಂತು, ಈ ನೆಲಕ್ಕೇ ತಿಳಿಯದ ಒಂದು ಸಂಗತಿಯನ್ನು ಹೇಳಬೇಕು. ಅಷ್ಟೇ ಅವನ ಆಸೆ.

ಲೈಬ್ರರಿಯ ಹಳೆಯ ನಕ್ಷೆಯೊಂದರಲ್ಲಿ, ನೂರು ವರ್ಷದ ಹಿಂದೆ ಹಾಲಿನ ಗಾಡಿ ಓಡಾಡುತ್ತಿದ್ದ ದಾರಿ ಅವನ ಕಣ್ಣಿಗೆ ಬಿತ್ತು. ಈಗ ಅದು ಮೌಂಟ್ ಆಲ್ಬರ್ಟಿನ ಒಂದು ಮನೆಯ ಹಿತ್ತಲು. ಮನೆಯವರ ಒಪ್ಪಿಗೆ ಪಡೆದು, ಬಟ್ಟೆ ಒಣಹಾಕುವ ಕಂಬದ ಆಚೆ, ಈಶಾನ್ಯ ಮೂಲೆಯಲ್ಲಿ ಅಗೆದ. ತಾಮ್ರದ ಪುಟ್ಟ ಚೊಂಬೊಂದು ಬಂತು. ಒಳಗೆ ಬೆಳ್ಳಿಯ ನಾಗರ, ಒಂದು ಹವಳ, ಐದು ಲೋಹದ ಚೂರುಗಳು, ವಿಕ್ಟೋರಿಯಾ ರಾಣಿಯ ಮುಖದ ಒಂದು ರೂಪಾಯಿ. ಇಸವಿ ೧೮೬೨.

ಅದು ಭೂಮಿಪೂಜೆಯ ಚೊಂಬು ಎಂದು ಧಾರವಾಡದ ಭೀಮಸೇನನಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದ್ದರಿಂದ ೧೮೬೨ರಲ್ಲಿ ನಮ್ಮವನೊಬ್ಬ ಇಲ್ಲಿ ಮನೆ ಕಟ್ಟಿದ್ದ ಎಂದು ತೀರ್ಮಾನಿಸಿದ. ನಕ್ಷೆಯಲ್ಲಿ ಅಲ್ಲಿ ಮನೆಯೇ ಇರಲಿಲ್ಲ. ಬರೆದವನು ಬೇಕೆಂದೇ ಬಿಟ್ಟಿದ್ದಾನೆ ಎಂದುಕೊಂಡ. ಚೊಂಬಿನ ಕೊರಳಿಗೆ ನೀಲಿ ಪ್ಲಾಸ್ಟಿಕ್ ದಾರ ಸುತ್ತಿತ್ತು. ಅದು ಆಮೇಲೆ ಸೇರಿಕೊಂಡದ್ದು ಎಂದು ಟಿಪ್ಪಣಿ ಬರೆದ. ಹಳೆಯ ಹಡಗೊಂದರ ಪಟ್ಟಿಯಲ್ಲಿ ಹೆಸರಿಲ್ಲದ ಅಡುಗೆಯವನೊಬ್ಬ ಸಿಕ್ಕಿದ. ಚೊಂಬು ಹೂತವನು ಇವನೇ ಎಂದುಕೊಂಡ; ವಾರ ಕಳೆಯುವಷ್ಟರಲ್ಲಿ ಆ ಅಡುಗೆಯವನಿಗೆ ಒಂದು ಊರೂ ಆಯಿತು.

"ಧಾರವಾಡದವನೇ ಯಾಕ್ರೀ?" ಎಂದಳು ಹೆಂಡತಿ ಸ್ಮೃತಿ. ಅವಳು ಮೈಸೂರಿನವಳು, ನರ್ಸು. "ಮೈಸೂರಿನೋನು ಹಡಗು ಹತ್ತಬಾರ್ದಾ?"

"ಬರೋಬ್ಬರಿ ಈಶಾನ್ಯಕ್ಕ ಹುಗದಾನ. ಇಷ್ಟು ನೆಟ್ಟಗ ಕೆಲಸ ಮಾಡಾವ ನಮ್ಮ ಕಡೆಯವನ."

ಸಂಘ ಅವನಿಗೆ ಮುಂದಿನ ಶನಿವಾರದ ಪೂರ್ತಿ ಒಂದು ಗಂಟೆ ಕೊಟ್ಟಿತು. ಸಂಭ್ರಮಕ್ಕೆಂದು ಸ್ಮೃತಿ ಗುರುವಾರ ನ್ಯೂ ಲಿನ್‌ನ ಶಾಂತಾ ಆಂಟಿಯನ್ನು ಊಟಕ್ಕೆ ಕರೆದಳು. ಆಂಟಿ ನಿವೃತ್ತ ಡಾಕ್ಟರು, ಊರಿನ ಎಲ್ಲ ಕನ್ನಡಿಗರಿಗೂ ಹಿರಿಯರು. ಕೈ ತೊಳೆದು ಬಂದವರು ಶೋಕೇಸಿನ ಮುಂದೆ ನಿಂತುಬಿಟ್ಟರು.

"ನನ್ನ ಚೊಂಬು ನಿಮ್ಮನೇಲಿ ಏನು ಮಾಡ್ತಿದೆ?"

ಭೀಮಸೇನ ನಕ್ಕ. "ಆಂಟಿ, ಇದು ನೂರಾ ಅರವತ್ತು ವರ್ಷದ್ದರೀ."

"ರೂಪಾಯಿ ಅಷ್ಟು ಹಳೇದಿರಬಹುದು. ನಮ್ಮತ್ತೆ ಕೊಟ್ಟಿದ್ದು. ಹಿತ್ತಲಲ್ಲಿ ಒಂದು ರೂಮು ಕಟ್ಟಿಸಿದಾಗ ಅದರಾಚೆ ಈಶಾನ್ಯ ಮೂಲೇಲಿ ಇಟ್ಟಿದ್ದೆ, ಎರಡು ಸಾವಿರದ ಎಂಟರಲ್ಲಿ. ದಾರ ಸಿಗಲಿಲ್ಲ ಅಂತ ಬೇಲಿಗೆ ಕಟ್ಟಿದ್ದ ನೀಲಿ ಹಗ್ಗ ಬಿಚ್ಚಿ ಸುತ್ತಿದ್ದು ನಾನೇ."

"ಆ ಮನಿ ನಿಮ್ಮದಿತ್ತೇನ್ರೀ?"

"ನೀವು ಬರೋಕೆ ಮುಂಚೇನೇ ಮಾರಿದೆ. ಮನೆ ಮಾರಿದೆ ಕಣಪ್ಪಾ, ಪೂಜೆ ಮಾರಲಿಲ್ಲ. ಅದನ್ನ ಕಿತ್ತಿದ್ದೀಯಲ್ಲ, ಅಲ್ಲಿರೋರ ಗತಿ ಏನು?"

ಧಾರವಾಡದ ಅಡುಗೆಯವನು ಸಾರು-ಅನ್ನದ ನಡುವೆಯೇ ತೀರಿಕೊಂಡ. ಆ ರಾತ್ರಿ ಭೀಮಸೇನ ಭಾಷಣದ ಹಾಳೆಗಳನ್ನು ನಾಲ್ಕು ಸಲ ತಿರುವಿದ. ಸಂಘದವರಿಗೆ ನಿಜ ಯಾರೂ ಹೇಳುವುದಿಲ್ಲ. ಓದಿಬಿಡಬಹುದು. ಆದರೆ ಆ ಬೆಳ್ಳಿಗೂದಲ ಕಾರ್ಯದರ್ಶಿ ಅಂಗೈಯಲ್ಲಿ ಉಂಗುರವಿಟ್ಟು ನೋಡುತ್ತಿದ್ದ ರೀತಿ ನೆನಪಾಯಿತು. ಕಸವನ್ನೂ ನಂಬಿಕೆಯಿಂದ ನೋಡುವವರಿಗೆ ಸುಳ್ಳು ಹೇಳುವುದು ಅವನಿಂದಾಗಲಿಲ್ಲ.

ಶನಿವಾರ ಅವನು ಹಾಳೆಗಳನ್ನು ಮಡಚಿಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದ. ಎಂಟು ನಿಮಿಷದಲ್ಲಿ ಮುಗಿಯಿತು. ಉಳಿದ ಐವತ್ತೆರಡು ನಿಮಿಷ ಏನು ಮಾಡುವುದೆಂದು ತಿಳಿಯದೆ, ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟು ಕೂತಿದ್ದ ಆಂಟಿಯತ್ತ ಕೈ ತೋರಿಸಿದ.

ಸಭೆ ನೆಟ್ಟಗಾಗಿ ಕೂತಿತು. ಹೂತಿಟ್ಟವರನ್ನೇ ಎದುರಿಗೆ ಕೂರಿಸಿ ಪ್ರಶ್ನೆ ಕೇಳುವ ಭಾಗ್ಯ ಆ ಸಂಘಕ್ಕೆ ಎಂದೂ ಬಂದಿರಲಿಲ್ಲ. ದಕ್ಷಿಣ ಗೋಳಾರ್ಧದಲ್ಲಿ ಈಶಾನ್ಯ ಬದಲಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು.

"ನಾನೂ ಪುರೋಹಿತರಿಗೆ ಫೋನ್ ಮಾಡಿ ಇದನ್ನೇ ಕೇಳಿದ್ದೆ," ಎಂದರು ಆಂಟಿ. "ಕಂಪಾಸ್ ಏನು ತೋರಿಸುತ್ತೋ ಅದೇ ಅಂದ್ರು."

ಕಾರ್ಯದರ್ಶಿ ಅದನ್ನು ಬರೆದುಕೊಂಡಳು. ನಡಾವಳಿ ಪುಸ್ತಕದಲ್ಲಿ ಮುಖ್ಯ ಭಾಷಣಕಾರರ ಜಾಗದಲ್ಲಿದ್ದ ಭೀಮಸೇನನ ಹೆಸರಿಗೆ ಗೀಟೆಳೆದು, ಶಾಂತಾ ಎಂದು ತಿದ್ದಿದಳು. ಅವನು ಅದನ್ನು ನೋಡಿದ.

ಮರುದಿನ ಬೆಳಿಗ್ಗೆ, ಮನೆಯವರ ಒಪ್ಪಿಗೆಯಿಂದ, ಸಂಘವೇ ಹಿತ್ತಲಲ್ಲಿ ನೆರೆದು ಚೊಂಬನ್ನು ಮತ್ತೆ ಹೂತಿತು. ಮುಚ್ಚುವ ಮೊದಲು ಭೀಮಸೇನ ಜೇಬಿನಿಂದ ಬಿಯರ್ ಡಬ್ಬಿಯ ಉಂಗುರ ತೆಗೆದು ಪಕ್ಕದಲ್ಲಿಟ್ಟ.

"ಅದ್ಯಾಕೋ ಅಲ್ಲಿ?" ಆಂಟಿ ಗದರಿದರು.

"ಯಾವ ಕಾಲದ್ದು ಅಂತ ಗೊತ್ತಾಗಬೇಕಲ್ರೀ. ನೂರು ವರ್ಷ ಬಿಟ್ಟು ನನ್ನಂಥ ಹುಚ್ಚ ಬಂದೇ ಬರ್ತಾನ."

ಆಂಟಿ ಚೊಂಬಿನತ್ತ ಬೆರಳು ತೋರಿಸಿದರು. "ಹೊರಗಡೆ ಇರಲಿ. ಚೊಂಬಿನೊಳಗೆ ಬೇಡ."

ಮಣ್ಣು ಮುಚ್ಚಿದ ಮೇಲೆ ಅವನು ಡಿಟೆಕ್ಟರ್ ಆಡಿಸಿದ. ಕಾರ್ಯದರ್ಶಿ ಕೈ ಚಾಚಿ ಹೆಡ್‌ಫೋನ್ ಕೇಳಿ ಪಡೆದು, ಕಣ್ಣು ಮುಚ್ಚಿ ಆಲಿಸಿದಳು. "ಲವ್ಲಿ" ಎಂದಳು. ಪಕ್ಕದವರು ಕೈ ಚಾಚಿದರು. ಈ ಸಲ ಅವಳು ದಾಟಿಸಲಿಲ್ಲ.