ಏನ್ ಒತ್ಲಿ? ಎನ್ ಒತ್ತು!

ನನಗೊಂದು ಚಟವಿದೆ. ಬೀಡಿ, ಇಸ್ಪೀಟು ಆಗಿದ್ದರೆ ಬಿಡಿಸುವುದಕ್ಕೆ ನಾಲ್ಕು ಜನ ಬರುತ್ತಿದ್ದರು. ನನ್ನದು ಕಂಪ್ಯೂಟರ್ ಅಪ್‌ಡೇಟ್ ಮಾಡುವ ಚಟ, ಹಾಗಾಗಿ ಯಾರಿಗೂ ಕನಿಕರವಿಲ್ಲ.

ಅದಿರಿನ ದುಡ್ಡು ಹೊಸಪೇಟೆಯಲ್ಲಿ ಹೊಳೆಯಾಗಿ ಹರಿಯುತ್ತಿದ್ದ ಕಾಲ. ಬೆಳಗಾದರೆ ಯಾರದೋ ಹೊಸ ಕಾರು, ಹೊಸ ಮಹಡಿ. ಸಂಡೂರಿನಿಂದ ಬರುವ ಲಾರಿಗೂ ಹೊಸ ಹಾರ್ನು. ಹೈಸ್ಕೂಲಿನ ಗಣಿತದ ಮೇಷ್ಟ್ರಾದ ನನಗೆ ಹೊಸದು ಮಾಡಿಕೊಳ್ಳಲು ಸಿಕ್ಕಿದ್ದು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಒಂದೇ. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ರಿಪೇರಿ ಮಾಡಬಹುದು ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಬಿಗಿಯುತ್ತಿದ್ದೆ. ಬಿಚ್ಚುವುದು ನನಗೆ ಬರುತ್ತಿತ್ತು. ಕೀಬೋರ್ಡಿನ ಕೆಂಪು ಧೂಳು ಒರೆಸಿ ಅಪ್‌ಡೇಟ್ ಶುರು ಮಾಡಿ, ಅದು ಏನು ಕೇಳಿದರೂ ‘ವೈ’, ಅಂದರೆ ‘ಹೌದು’, ಒತ್ತುತ್ತಿದ್ದೆ. ಮದುವೆ ಊಟದಲ್ಲಿ ಏನು ಬಡಿಸಿದರೂ ಬೇಡ ಅನ್ನಲಾಗದವನ ಸ್ಥಿತಿ ನನ್ನದು.

ನನ್ನ ಹೆಂಡತಿ ಶಾರದಾ ಆಗ ಹಂಪಿಯ ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಅವತ್ತು ಮಧ್ಯಾಹ್ನದೊಳಗೆ ಮೊದಲ ಅಧ್ಯಾಯವನ್ನು ಹಂಪಿಯ ವಿಶ್ವವಿದ್ಯಾಲಯಕ್ಕೆ ಒಯ್ದು ಗೈಡ್ ಕೈಗೆ ಕೊಡಬೇಕು. ತಪ್ಪಿದರೆ ಒಂದು ವರ್ಷ ಹಾಳು. ಅಂಥ ಬೆಳಿಗ್ಗೆ, ಪ್ರಿಂಟ್ ತೆಗೆಯುವ ಮುಂಚೆ, ‘ಒಂದೇ ನಿಮಿಷ’ ಎಂದು ನಾನು ಅಪ್‌ಡೇಟಿಗೆ ಕೈಹಾಕಿದೆ. ಯಾರೂ ಹೇಳಿರಲಿಲ್ಲ. ದೇವರಾಣೆಗೂ ಯಾರೂ ಹೇಳಿರಲಿಲ್ಲ.

ಅರ್ಧದಲ್ಲಿ ಅದು ಇಂಗ್ಲಿಷಿನಲ್ಲಿ ಉದ್ದದ ಪ್ರಶ್ನೆ ಕೇಳಿತು. ಓದುವ ತಾಳ್ಮೆ ಯಾರಿಗಿದೆ? ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗೆಳೆಯ ಬಸವರಾಜನಿಗೆ ಫೋನ್ ಹಚ್ಚಿ, ‘ಸ್ಕ್ರೀನ್ ಸೆಟ್ಟಿಂಗ್ ಅಂತ ಏನೋ ಕೇಳಾಕತ್ತೈತಿ’ ಅಂದೆ. ಆ ಕಡೆ ಸೈರನ್ನು, ಈ ಕಡೆ ಲಾರಿ.

‘ಎನ್ ಒತ್ತು ಲೇ,’ ಅಂದ.

‘ಏನ್?’

‘ಹ್ಞಾಂ, ಎನ್!’

‘ಅದನ್ನ ಕೇಳಾಕತ್ತೀನಿ, ಏನ್ ಒತ್ಲಿ?’

‘ಎನ್ ಒತ್ತೋ ಮಾರಾಯ, ಎನ್!’

ನಾನು ಕೇಳಿದ್ದನ್ನೇ ನನಗೆ ತಿರುಗಿಸಿ ಕೇಳ್ತಾನಲ್ಲ ಎಂದು ಸಿಟ್ಟು ಬಂತು. ವೈ ಒತ್ತಿದೆ. ಯಂತ್ರ ಆರಿಸಿ ಮತ್ತೆ ಹಚ್ಚಿದರೆ ಪರದೆ ಕಪ್ಪು, ಮೇಲೆ ಎರಡು ಸಾಲು ಬಿಳಿ ಅಕ್ಷರ. ಎನ್ ಅಂದರೆ ‘ಬೇಡ, ನಿಮ್ಮ ಹಳೆಯ ಸೆಟ್ಟಿಂಗೇ ಇರಲಿ’ ಎಂಬ ಉತ್ತರವಂತೆ, ಆಮೇಲೆ ತಿಳಿಯಿತು. ಹಿಂದಿನವರು ಶಾಸನದ ಕೊನೆಗೆ, ಇದನ್ನು ಅಳಿಸಿದವನಿಗೆ ಗೋವು ಕೊಂದ ಪಾಪ ಬರಲಿ ಎಂದು ಕೆತ್ತಿಸುತ್ತಿದ್ದರು. ಲಿನಕ್ಸಿನವರು ಸಜ್ಜನರು. ಶಾಪ ಹಾಕದೆ ‘ಅಳಿಸಲೇ, ಬೇಡವೇ?’ ಎಂದು ಕೇಳುತ್ತಾರೆ, ನನ್ನಂಥವನು ಅಳಿಸು ಅನ್ನುತ್ತಾನೆ.

ಶಾರದಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಫೋನ್ ಕಸಿದುಕೊಂಡು, ‘ಅಣ್ಣಾರ, ಒಂದೊಂದ ಅಕ್ಷರ ಹೇಳ್ರಿ, ನಾ ಒತ್ತತೀನಿ,’ ಅಂದಳು. ಸವೆದ ಬಂಡೆಯ ಮೇಲೆ ಅಕ್ಷರ ಹುಡುಕುವವಳಿಗೆ ಈ ಕಪ್ಪು ಹಲಗೆ ಯಾವ ಲೆಕ್ಕ? ಅವನು ಹೇಳಿದ್ದನ್ನೆಲ್ಲ ‘ನಾರಾಯಣನ ಎನ್ ಏನ್ರಿ?’ ಎಂದು ಖಾತ್ರಿ ಮಾಡಿಕೊಂಡೇ ಒತ್ತಿದಳು. ಯಂತ್ರ ಹಳೆಯ ಸೆಟ್ಟಿಂಗನ್ನು ಎಸೆಯದೆ ಪಕ್ಕದಲ್ಲೇ ಇಟ್ಟಿತ್ತು. ಅದನ್ನು ಮರಳಿ ಜಾಗಕ್ಕೆ ಕೂರಿಸಿದಳು. ಪರದೆ ಬೆಳಗಿತು, ಅಧ್ಯಾಯ ಪ್ರಿಂಟಾಯಿತು, ಅವಳು ಹಂಪಿ ಬಸ್ಸಿಗೆ ಓಡಿದಳು. ನನಗೆ ಭಾಳ ನಾಚಿಕೆಯಾಯಿತು.

ಸಂಜೆ, ಗೈಡ್ ಮೆಚ್ಚಿದ ಖುಷಿಯಲ್ಲಿ ಬಂದವಳು ಹೇಳಿದಳು: ‘ಕೇಳಿದ್ದನ್ನ ಪೂರಾ ತಿಳ್ಕೊಂಡು ಆಮ್ಯಾಲೆ ಹ್ಞೂಂ ಅನ್ರಿ. ಅಷ್ಟ ಸಾಕು.’

ಎಂಥ ಮಾತು! ಇನ್ನು ಜೀವಮಾನವಿಡೀ ಹಾಗೇ ನಡೆಯಬೇಕು ಎಂದು ಸಂಕಲ್ಪ ಮಾಡುತ್ತ ಕೂತೆ. ಅಷ್ಟರಲ್ಲಿ ಅವಳು ಮತ್ತೇನೋ ಕೇಳಿದಳು. ಸಂಕಲ್ಪದ ಗುಂಗಿನಲ್ಲಿದ್ದ ನಾನು ‘ಹ್ಞೂಂ’ ಅಂದೆ.

ಮಿಕ್ಕ ಐದು ಅಧ್ಯಾಯಗಳನ್ನು ಟೈಪ್ ಮಾಡಿದವನು ನಾನೇ.